ಯಾರದೂ ಅಲ್ಲದ ಮುತ್ತು

ಮರಳಿನ ಕಣ ಚಿಪ್ಪಿನೊಳಗೆ ಸಿಕ್ಕಿಕೊಂಡು ಮುತ್ತಾಗುತ್ತದೆ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅದಕ್ಕೂ ಮೊದಲು ಅಜ್ಜಿಯರು ಸ್ವಾತಿ ಮಳೆಯ ಹನಿಯ ಕಥೆ ಹೇಳುತ್ತಿದ್ದರು. 12ನೇ ಶತಮಾನದ ಯಹೂದಿ ಯಾತ್ರಿಕ ಬೆಂಜಮಿನ್ ಕೂಡ ಪರ್ಷಿಯನ್ ಕೊಲ್ಲಿಯ ಖತೀಫ್ ಊರಿನ ಮುತ್ತುಗಳ ಬಗ್ಗೆ ಮಳೆಹನಿಯ ಕಥೆಯನ್ನೇ ಬರೆದಿಟ್ಟಿದ್ದಾನೆ. ಹನಿಯ ಕಥೆ ಸುಳ್ಳಾದರೂ ಕೇಳಲು ಚೆಂದ. ಮರಳಿನ ಕಥೆಗೆ ಆ ಸಮಾಧಾನವೂ ಇಲ್ಲ. ಸಮುದ್ರದ ತಳದಲ್ಲೇ ಬಾಳುವ ಪ್ರಾಣಿಗೆ ಮರಳೇನು ಹೊಸದೇ? ಒಳಗೆ ಬಂದದ್ದನ್ನು ಸುಲಭವಾಗಿ ಹೊರದೂಡುತ್ತದೆ.

ನಿಜವಾಗಿ ನಡೆಯುವುದು ಒಂದು ಅಪಘಾತ. ಚಿಪ್ಪನ್ನು ಕಟ್ಟುವುದು ಮ್ಯಾಂಟಲ್ ಎಂಬ ತೆಳುವಾದ ಪೊರೆ. ಮೀನು ಕಚ್ಚಿಯೋ, ಪರೋಪಜೀವಿ ಕೊರೆದೋ ಆ ಪೊರೆಯ ಕೆಲವು ಜೀವಕೋಶಗಳು ಕಿತ್ತುಬಂದು ಒಳಗಿನ ಮಾಂಸದಲ್ಲಿ ಸಿಕ್ಕಿಕೊಳ್ಳುತ್ತವೆ. ಅವು ಅಲ್ಲೇ ಪುಟ್ಟ ಚೀಲದಂತೆ ಬೆಳೆದು, ತಮಗೆ ಗೊತ್ತಿರುವ ಒಂದೇ ಕೆಲಸವನ್ನು, ಎಂದರೆ ಚಿಪ್ಪು ಕಟ್ಟುವುದನ್ನು, ಮುಂದುವರಿಸುತ್ತವೆ. ಸುತ್ತಲೂ ಮಾಂಸವಿರುವುದರಿಂದ ಪದರಗಳು ಹಾಳೆಯಾಗಿ ಹರಡದೆ ಗುಂಡಗೆ ಸುತ್ತಿಕೊಳ್ಳುತ್ತವೆ. ಸುಮಾರು ಅರ್ಧ ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ದಪ್ಪದ, ಅರಗೊನೈಟ್ ಎಂಬ ಸುಣ್ಣದ ಹರಳಿನ ಬಿಲ್ಲೆಗಳು ಇಟ್ಟಿಗೆಗಳಂತೆ, ನಡುವಿನ ಪ್ರೋಟೀನು ಗಾರೆಯಂತೆ. ಈ ಬಿಲ್ಲೆಗಳ ದಪ್ಪ ಬೆಳಕಿನ ತರಂಗಾಂತರಕ್ಕೆ ಹತ್ತಿರವಾದ್ದರಿಂದ ಒಂದೊಂದು ಪದರದಿಂದ ಮರಳುವ ಬೆಳಕು ಇನ್ನೊಂದರ ಜೊತೆ ಬೆರೆತು ಕೆಲವು ಬಣ್ಣಗಳು ಹಿಗ್ಗುತ್ತವೆ, ಕೆಲವು ಅಡಗುತ್ತವೆ. ಮುತ್ತಿನ ಹೊಳಪು ಒಳಗಿನಿಂದ ಬರುತ್ತಿರುವಂತೆ ಕಾಣುವುದು ಇದರಿಂದಲೇ.

ಯಾವ ಚಿಪ್ಪಿನಲ್ಲಿ ಈ ಅಪಘಾತ ಆಗಿದೆ ಎಂದು ಹೊರಗಿನಿಂದ ತಿಳಿಯುವುದಿಲ್ಲ. ಹೀಗೆ ಬರೀ ಅದೃಷ್ಟವನ್ನೇ ನಂಬಿ ಒಂದು ನಾಡು ಬದುಕಿದರೆ ಏನಾಗುತ್ತದೆ? ಪರ್ಷಿಯನ್ ಕೊಲ್ಲಿಯ ದ್ವೀಪನಾಡು ಬಹರೈನ್‌ನ ಚರಿತ್ರೆಯಲ್ಲಿ ಉತ್ತರವಿದೆ.

ಕೊಲ್ಲಿಯಲ್ಲಿ ಮುತ್ತಿನ ನಂಟು ತೀರಾ ಹಳೆಯದು. ಅಬುಧಾಬಿಯ ಮರಾವಾ ದ್ವೀಪದ ಉತ್ಖನನದಲ್ಲಿ ಸಿಕ್ಕ ಮುತ್ತಿಗೆ ಸುಮಾರು 8,000 ವರ್ಷ ವಯಸ್ಸು. ಆಳವಿಲ್ಲದ ಬೆಚ್ಚನೆಯ ಈ ಕಡಲಿನಲ್ಲಿ ಪಿಂಕ್ಟಾಡಾ ರೇಡಿಯಾಟಾ ಎಂಬ ಮುತ್ತಿನ ಚಿಪ್ಪು ಹುಲುಸಾಗಿ ಬೆಳೆಯುತ್ತದೆ. ಬೇಸಿಗೆಯ ನಾಲ್ಕು ತಿಂಗಳು ದೊಡ್ಡ ಮುಳುಗಿನ ಕಾಲ. ಹಾಯಿದೋಣಿಗಳು ಹೊರಟರೆ ಊರಿನಲ್ಲಿ ಉಳಿಯುತ್ತಿದ್ದವರು ಬಹುತೇಕ ಹೆಂಗಸರು, ಮಕ್ಕಳು ಮತ್ತು ಮುದುಕರು.

ದೋಣಿಯ ಒಡೆಯ ಅಥವಾ ನಾಯಕ ನಾಖುದಾ. ಮುಳುಗುವವನು ಗೈಸ್. ಹಗ್ಗ ಹಿಡಿದು ಅವನನ್ನು ಮೇಲೆಳೆಯುವವನು ಸೈಬ್. ಹಾಡಿ ಹುರಿದುಂಬಿಸಲು ನಹ್ಹಾಮ್ ಎಂಬ ಗಾಯಕ ಬೇರೆ. ಗೈಸ್ ಒಂದು ಹಗ್ಗಕ್ಕೆ ಕಟ್ಟಿದ ಕಲ್ಲಿನ ಮೇಲೆ ಪಾದವಿಟ್ಟು, ಮೂಗಿಗೆ ಆಮೆ ಚಿಪ್ಪಿನ ಅಥವಾ ಕೊಂಬಿನ ಚಿಮಟ ಸಿಕ್ಕಿಸಿ, ಬೆರಳುಗಳಿಗೆ ಚರ್ಮದ ಗವಸು ತೊಟ್ಟು, ಬಲೆಯ ಬುಟ್ಟಿಯೊಂದಿಗೆ ಇಳಿಯುತ್ತಿದ್ದ. ತಳ ಮುಟ್ಟಿದೊಡನೆ ಕಲ್ಲನ್ನು ಮೇಲಕ್ಕೆ ಎಳೆದುಕೊಳ್ಳುತ್ತಿದ್ದರು. ಉಸಿರು ಇರುವಷ್ಟು ಹೊತ್ತು, ಅಂದರೆ ಒಂದು ನಿಮಿಷದ ಆಸುಪಾಸು, ಚಿಪ್ಪು ಕಿತ್ತು ಬುಟ್ಟಿ ತುಂಬಿಸಿ ಹಗ್ಗ ಜಗ್ಗಿದರೆ ಸೈಬ್ ಎಳೆಯಬೇಕು. ಸೈಬ್ ಮೈಮರೆತರೆ ಗೈಸ್‌ನ ಕಥೆ ಮುಗಿಯಿತು.

20 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಗಿಂತ ಮೂರು ಪಟ್ಟು. ಎದೆಯೊಳಗಿನ ಗಾಳಿ ಮೂರನೆಯ ಒಂದು ಭಾಗಕ್ಕೆ ಕುಗ್ಗುತ್ತದೆ. ಉಸಿರು ಬಿಗಿಹಿಡಿದು ಮುಳುಗಿದಾಗ ಹೃದಯದ ಬಡಿತ ಇಳಿಯುತ್ತದೆ, ಕೈಕಾಲಿನ ರಕ್ತನಾಳಗಳು ಬಿಗಿದು ರಕ್ತ ಮಿದುಳು ಮತ್ತು ಹೃದಯದ ಕಡೆಗೆ ತಿರುಗುತ್ತದೆ. ದೇಹ ಇಷ್ಟೆಲ್ಲ ಸಹಕರಿಸಿದರೂ ಕಿವಿಯ ತಮಟೆ ಹರಿಯುವುದು ಮಾಮೂಲಾಗಿತ್ತು. ಹೊಟ್ಟೆ ತುಂಬಿದ್ದರೆ ಮುಳುಗಲು ಆಗದು. ಹಗಲೆಲ್ಲ ನಾಲ್ಕು ಖರ್ಜೂರ, ಒಂದಿಷ್ಟು ಕಾಫಿ, ಊಟ ಹೊತ್ತು ಮುಳುಗಿದ ಮೇಲೆ. ಕುಡಿಯುವ ನೀರಿಗೂ ಕೆಲವೆಡೆ ಕಡಲ ತಳಕ್ಕೇ ಇಳಿಯುತ್ತಿದ್ದರು! ಅರೇಬಿಯಾದ ನೆಲದಡಿಯ ಸಿಹಿನೀರು ಅಲ್ಲಿ ಬುಗ್ಗೆಯಾಗಿ ಉಕ್ಕುತ್ತಿತ್ತು. ತೊಗಲಿನ ಚೀಲವನ್ನು ಅದರ ಬಾಯಿಗೆ ಹಿಡಿದು ತುಂಬಿಸಿ ತರುತ್ತಿದ್ದರು.

ಮರುದಿನ ಬೆಳಿಗ್ಗೆ ನಾಖುದಾನ ಕಣ್ಣೆದುರಿಗೆ ಎಲ್ಲರೂ ಕುಳಿತು ಬಾಗಿದ ಚಾಕುವಿನಿಂದ ಚಿಪ್ಪು ಬಿಡಿಸುತ್ತಿದ್ದರು. ನನಗೆ ಈ ಇಡೀ ಕಸುಬಿನ ಮರ್ಮ ಇರುವುದೇ ಇಲ್ಲಿ ಅನ್ನಿಸುತ್ತದೆ. ಹಿಂದಿನ ದಿನದ ಚಿಪ್ಪುಗಳೆಲ್ಲ ಒಂದೇ ರಾಶಿ. ಯಾವ ಮುತ್ತು ಯಾರ ಮುಳುಗಿನದು ಎಂದು ಯಾರಿಗೂ ತಿಳಿಯದು. ಒಂದು ಲೆಕ್ಕದಲ್ಲಿ ಇದು ನ್ಯಾಯವೇ: ಸಿಕ್ಕದ್ದು ಅದೃಷ್ಟ, ಅದನ್ನು ಎಲ್ಲರೂ ಹಂಚಿಕೊಳ್ಳಲಿ. ಖರ್ಚು ಕಳೆದು ಉಳಿದುದರಲ್ಲಿ ಗೈಸ್‌ಗೆ ಮೂರು ಪಾಲಾದರೆ ಸೈಬ್‌ಗೆ ಎರಡು ಎಂಬುದು ಸಾಮಾನ್ಯ ರೂಢಿ.

ಆದರೆ ಅದೃಷ್ಟ ಕೈಕೊಟ್ಟ ವರ್ಷ ಮನೆಯವರು ಉಣ್ಣುವುದೇನು? ಅದಕ್ಕೇ ಮುಂಗಡ. ನಾಖುದಾ ಕೊಟ್ಟ ಹಣ ಋತುವಿನ ಕೊನೆಯಲ್ಲಿ ತೀರದಿದ್ದರೆ ಮುಂದಿನ ವರ್ಷವೂ ಅವನ ದೋಣಿಗೇ ಹೋಗಬೇಕು. ಮುಳುಗುವವನು ಸತ್ತರೆ ಸಾಲ ಮಗನ ತಲೆಗೆ ಬರುತ್ತಿದ್ದುದೂ ಉಂಟು. ನಾಖುದಾನೂ ವರ್ತಕನಿಗೆ ಸಾಲಗಾರನೇ. ಗಂಡಾಂತರವೆಲ್ಲ ಕೆಳಕ್ಕೆ, ಲಾಭವೆಲ್ಲ ಮೇಲಕ್ಕೆ. ಈ ಸಾಲವನ್ನು ಎಣಿಸುತ್ತಿದ್ದದ್ದು ರೂಪಾಯಿಯಲ್ಲಿ. ಕೊಲ್ಲಿಯ ಉದ್ದಕ್ಕೂ ಆಗ ನಮ್ಮ ಹಣವೇ ಚಲಾವಣೆಯಲ್ಲಿತ್ತು. 1920ರ ದಶಕದಲ್ಲಿ ಬಹರೈನ್‌ನಲ್ಲಿ ಪ್ರತಿ ಮುಳುಗುವವನಿಗೂ ಲೆಕ್ಕದ ಪುಸ್ತಕ ಇರಬೇಕೆಂಬ ಸುಧಾರಣೆ ಬಂತು.

ತವ್ವಾಶ್ ಎಂಬ ವರ್ತಕರು ಮುತ್ತನ್ನು ತೂತುಗಳಿರುವ ತಾಮ್ರದ ಬಟ್ಟಲುಗಳಲ್ಲಿ ಜರಡಿ ಹಿಡಿದು ಗಾತ್ರದ ಪ್ರಕಾರ ಬೇರ್ಪಡಿಸುತ್ತಿದ್ದರು. ಬೆಲೆ ಕಟ್ಟಲು ಮುಂಬಯಿಯ ಪೇಟೆಯಲ್ಲಿ ನಡೆಯುತ್ತಿದ್ದ ‘ಚೌ’ ಲೆಕ್ಕವೇ ಅಲ್ಲೂ ಬಳಕೆಯಲ್ಲಿತ್ತು. ಇದು ತೂಕದ ವರ್ಗಕ್ಕೆ ತಕ್ಕಂತೆ ಏರುವ ಅಳತೆ: ಒಂದು ಮುತ್ತು ಇನ್ನೊಂದರ ಎರಡು ಪಟ್ಟು ತೂಗಿದರೆ ಚೌ ನಾಲ್ಕು ಪಟ್ಟು. ದೊಡ್ಡ ಮುತ್ತು ಎಷ್ಟು ಅಪರೂಪ ಎಂಬ ಅನುಭವವನ್ನು ವರ್ತಕರು ಗಣಿತಕ್ಕೆ ಇಳಿಸಿದ ಬಗೆ ಇದು. ಮಾಲು ಮುಂಬಯಿಗೆ ಬಂದು ತೂತು ಕೊರೆಸಿಕೊಂಡು, ಪೋಣಿಸಿಕೊಂಡು ಪ್ಯಾರಿಸ್‌ಗೆ ಹೋಗುತ್ತಿತ್ತು. ನಮ್ಮವರು ಇಂದಿಗೂ ಬಸ್ರಾ ಮುತ್ತು ಎನ್ನುವುದು ಈ ಕೊಲ್ಲಿಯ ಮುತ್ತಿಗೇ. 1917ರಲ್ಲಿ ಕಾರ್ಟಿಯೆ ಎಂಬ ಆಭರಣ ಸಂಸ್ಥೆ ನ್ಯೂಯಾರ್ಕ್‌ನ ಫಿಫ್ತ್ ಅವೆನ್ಯೂದಲ್ಲಿ ಒಂದು ಮಹಲನ್ನೇ ಎರಡೆಳೆ ಮುತ್ತಿನ ಹಾರ ಮತ್ತು 100 ಡಾಲರಿಗೆ ಪಡೆಯಿತು.

ಅಪಘಾತವನ್ನು ಬೇಕೆಂದೇ ಮಾಡಿಸುವ ವಿದ್ಯೆಯನ್ನು ಜಪಾನೀಯರು ಕರಗತ ಮಾಡಿಕೊಂಡರು. ಮ್ಯಾಂಟಲ್‌ನ ಒಂದು ತುಣುಕನ್ನೂ ಒಂದು ಮಣಿಯನ್ನೂ ಚಿಪ್ಪಿನ ಪ್ರಾಣಿಯೊಳಗೆ ನಾಟಿ ಮಾಡಿದರೆ ಕೋಶಗಳು ಮಣಿಯ ಸುತ್ತ ಪದರ ಕಟ್ಟುತ್ತವೆ. ಅವರಲ್ಲಿ ಮಿಕಿಮೊಟೊ ಎಂಬವರು ಇದನ್ನು ಉದ್ಯಮವಾಗಿಸಿದರು. 1920ರ ದಶಕದಲ್ಲಿ ಕೃಷಿ ಮುತ್ತು ಪೇಟೆಗೆ ನುಗ್ಗಿತು, 1929ರ ಆರ್ಥಿಕ ಕುಸಿತ ಉಳಿದದ್ದನ್ನು ಮುಗಿಸಿತು. 1932ರಲ್ಲಿ ಬಹರೈನ್‌ನ ಮುಳುಗುಗಾರರು ದಂಗೆ ಎದ್ದರು. ಅದೇ ವರ್ಷ ಅಲ್ಲಿ ಎಣ್ಣೆ ಚಿಮ್ಮಿತು. ಮುಳುಗುತ್ತಿದ್ದವರಿಗೆ ಮೊದಲ ಬಾರಿಗೆ ತಿಂಗಳ ಸಂಬಳ ಎಂಬುದೊಂದು ಕಾಣಿಸಿತು.

2012ರಲ್ಲಿ ಯುನೆಸ್ಕೊ ಬಹರೈನ್‌ನ ಮುಹರ್ರಕ್ ನಗರದ 17 ಕಟ್ಟಡಗಳನ್ನು, ಚಿಪ್ಪುಗಳು ಬೆಳೆಯುವ ಕಡಲ ತಳದ ಮೂರು ಹಾಸುಗಳ ಸಮೇತ, ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸುಮಾರು ಮೂರೂವರೆ ಕಿಲೊಮೀಟರ್ ನಡೆದರೆ ಎಲ್ಲವನ್ನೂ ನೋಡಬಹುದು. ಹವಳದ ಕಲ್ಲು, ಜಿಪ್ಸಮ್ ಗಾರೆಯಿಂದ ಕಟ್ಟಿದ ವರ್ತಕರ ಮನೆಗಳು ಸೊಗಸಾಗಿವೆ. ಬಡವರು ಬಾಳಿದ ಖರ್ಜೂರದ ಗರಿಯ ಗುಡಿಸಲುಗಳು ಪಟ್ಟಿಗೆ ಸೇರಲು ಉಳಿದಿರಬೇಕಲ್ಲ! ಉಳಿದಿರುವುದು ಅವರ ಹಾಡು. ಫಿಜ್ರಿ ಎಂಬ ಆ ಗಾಯನ 2021ರಲ್ಲಿ ಯುನೆಸ್ಕೊದ ಇನ್ನೊಂದು ಪಟ್ಟಿ ಸೇರಿತು. ಕೃಷಿ ಮುತ್ತಿನ ವ್ಯಾಪಾರಕ್ಕೆ ಬಹರೈನ್‌ನಲ್ಲಿ ಈಗಲೂ ನಿಷೇಧವಿದೆ. ಅಲ್ಲಿನ ಪ್ರಯೋಗಾಲಯದಲ್ಲಿ ಎಕ್ಸ್-ರೇ ಹಿಡಿದರೆ ಒಳಗಿನ ಮಣಿ ಗುಂಡಗೆ ಕಾಣಿಸಿ ಗುಟ್ಟು ರಟ್ಟಾಗುತ್ತದೆ. ಹಳೆಯ ಹಾಸುಗಳಿಗೆ ಪ್ರವಾಸಿಗರು ಪರವಾನಗಿ ಪಡೆದು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಇಳಿಯಬಹುದು. ಮುತ್ತು ಸಿಕ್ಕರೆ ಅದು ಸಿಕ್ಕವರದೇ.