ನಡೆಯದ ಪಂದ್ಯದ ಲೆಕ್ಕ ಯಾಕೆ ಕೂಡಿಬರುವುದಿಲ್ಲ

ಲೆನಾಕ್ಸ್ ಲೂಯಿಸ್ ಮತ್ತು ರಿಡ್ಡಿಕ್ ಬೋ ಎಂಬ ಇಬ್ಬರು ಹೆವಿವೇಟ್ ಬಾಕ್ಸರ್‌ಗಳು ವೃತ್ತಿಪರ ರಿಂಗ್‌ನಲ್ಲಿ ಒಮ್ಮೆಯೂ ಎದುರುಬದುರಾಗಲಿಲ್ಲ. 1988ರ ಸಿಯೋಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಲೂಯಿಸ್ ಎರಡನೇ ರೌಂಡಿನಲ್ಲೇ ಬೋನ ಕಥೆ ಮುಗಿಸಿದ್ದ. ನಾಲ್ಕು ವರ್ಷ ಕಳೆದು ಬೋ ಹೆವಿವೇಟ್ ವಿಶ್ವ ಚಾಂಪಿಯನ್ ಆದ. ಈಗ ಲೂಯಿಸ್ ಜೊತೆ ಆಡಬೇಕು ಅಂದಾಗ, 1992ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಪತ್ರಕರ್ತರ ಮುಂದೆಯೇ ಡಬ್ಲ್ಯೂಬಿಸಿ (ವಿಶ್ವ ಬಾಕ್ಸಿಂಗ್ ಮಂಡಳಿ) ಚಾಂಪಿಯನ್ ಬೆಲ್ಟನ್ನು ಕಸದ ಡಬ್ಬಿಗೆ ಹಾಕಿದ. ಅಲ್ಲಿಗೆ ಪಂದ್ಯ ಹೋಯಿತು, ವಾದ ಮಾತ್ರ ಇವತ್ತಿಗೂ ನಿಂತಿಲ್ಲ.

ಆ ವಾದ ಹೇಗೆ ನಡೆಯುತ್ತದೆ ನೋಡಿ. ಬೋ ಕಡೆಯವರು ಇನ್ನೊಬ್ಬ ಹೆವಿವೇಟ್ ಚಾಂಪಿಯನ್ ಹೋಲಿಫೀಲ್ಡ್‌ನನ್ನು ತರುತ್ತಾರೆ: ಬೋ ಅವನ ಜೊತೆ ಮೂರು ಸಲ ಆಡಿ ಎರಡು ಸಲ ಗೆದ್ದ, ಲೂಯಿಸ್‌ಗೆ 1999ರಲ್ಲಿ ವಯಸ್ಸಾಗಿದ್ದ ಅದೇ ಹೋಲಿಫೀಲ್ಡ್ ಎದುರು ಒಂದು ಡ್ರಾ, ಒಂದು ಪಾಯಿಂಟ್ ಗೆಲುವು. ಹಾಗಾಗಿ ಬೋ ದೊಡ್ಡವನು. ಲೂಯಿಸ್ ಕಡೆಯವರು ಬಾಕ್ಸರ್ ಗೊಲೋಟಾನನ್ನು ತರುತ್ತಾರೆ: 1996ರಲ್ಲಿ ಎರಡು ಸಲವೂ ಗೊಲೋಟಾ ಬೋಗೆ ಚೆನ್ನಾಗಿ ಬಾರಿಸಿದ, ಸೊಂಟದ ಕೆಳಗೆ ಹೊಡೆದು ಅನರ್ಹನಾದ್ದರಿಂದ ಬೋ ಬಚಾವಾದ. ಅದೇ ಗೊಲೋಟಾನನ್ನು ಲೂಯಿಸ್ 1997ರಲ್ಲಿ ಮೊದಲ ರೌಂಡಿನಲ್ಲೇ ಮಲಗಿಸಿದ. ಹಾಗಾಗಿ ಲೂಯಿಸ್ ದೊಡ್ಡವನು. ಎರಡೂ ಕಡೆ ತರ್ಕ ಒಂದೇ, ಉತ್ತರ ಮಾತ್ರ ಉಲ್ಟಾ. ಹೀಗಿರುವಾಗ ತಪ್ಪಿರುವುದು ತರ್ಕದಲ್ಲೇ ಅಲ್ವಾ?

ಎತ್ತರದ ವಿಷಯದಲ್ಲಿ ಈ ತರ್ಕ ಸರಿ. ರಾಮ ಶಾಮನಿಗಿಂತ ಎತ್ತರ, ಶಾಮ ಭೀಮನಿಗಿಂತ ಎತ್ತರ ಅಂದರೆ ರಾಮ ಭೀಮನಿಗಿಂತ ಎತ್ತರ ಇರಲೇಬೇಕು. ಎತ್ತರ ಅನ್ನುವುದು ಒಬ್ಬರಿಗೆ ಒಂದೇ ಅಂಕಿ. ಆದರೆ 'ಯಾರು ಯಾರನ್ನು ಹೊಡೆಯುತ್ತಾರೆ' ಅನ್ನುವುದು ಹಾಗಲ್ಲ. 1971ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನಲ್ಲಿ ಜೋ ಫ್ರೇಜಿಯರ್ ಮುಹಮ್ಮದ್ ಅಲಿಯನ್ನು 15 ರೌಂಡ್ ಆಡಿ ಸೋಲಿಸಿದ. 1973ರ ಜನವರಿಯಲ್ಲಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಜಾರ್ಜ್ ಫೋರ್‌ಮನ್ ಅದೇ ಫ್ರೇಜಿಯರ್‌ನನ್ನು ಎರಡೇ ರೌಂಡಿನಲ್ಲಿ ಆರು ಸಲ ನೆಲಕ್ಕೆ ಕೆಡವಿದ. ಮುಂದಿನ ವರ್ಷ ಕಿನ್ಶಾಸಾದಲ್ಲಿ ಅಲಿ ಫೋರ್‌ಮನ್‌ನನ್ನು ಎಂಟನೇ ರೌಂಡಿನಲ್ಲಿ ನಾಕೌಟ್ ಮಾಡಿದ. ಕಲ್ಲು-ಕಾಗದ-ಕತ್ತರಿ ಆಟದ ಹಾಗೆ ಸುತ್ತು ಪೂರ್ತಿಯಾಯಿತು.

ಇದು ಅದೃಷ್ಟದಾಟ, ಯಾವನೋ ಒಬ್ಬನಿಗೆ ಆ ದಿನ ಸರಿ ಇರಲಿಲ್ಲ ಅಂತ ತಳ್ಳಿಹಾಕುವವರು ಜಾಸ್ತಿ. ಅವರಿಗೆ ನಾನು ತೋರಿಸುವುದು ಮೂರು ದಾಳಗಳನ್ನು. ಮೊದಲನೆಯ ದಾಳದ ಮೇಲೆ 2, 4, 9. ಎರಡನೆಯದರ ಮೇಲೆ 1, 6, 8. ಮೂರನೆಯದರ ಮೇಲೆ 3, 5, 7. ಒಂದೊಂದು ಅಂಕಿ ಎರಡೆರಡು ಮುಖದಲ್ಲಿ. ಮೂರರಲ್ಲೂ ಕೂಡಿದರೆ 15, ಅಂದರೆ ಸರಾಸರಿ ಮೂರಕ್ಕೂ ಒಂದೇ. ಈಗ ಎರಡೆರಡು ದಾಳಗಳನ್ನು ಉರುಳಿಸಿ, ದೊಡ್ಡ ಅಂಕಿ ಬಂದಿದ್ದು ಗೆದ್ದಂತೆ. ಮೊದಲನೆಯದು ಎರಡನೆಯದರ ಎದುರು: 2 ಬಂದರೆ 1ನ್ನು ಮಾತ್ರ ಗೆಲ್ಲುತ್ತದೆ, 4 ಬಂದರೂ 1ನ್ನು ಮಾತ್ರ, 9 ಬಂದರೆ ಮೂರನ್ನೂ. ಒಟ್ಟು 9 ಜೋಡಿಗಳಲ್ಲಿ 5 ಗೆಲುವು. ಎರಡನೆಯದು ಮೂರನೆಯದರ ಎದುರು: 1 ಬಂದರೆ ಏನೂ ಇಲ್ಲ, 6 ಬಂದರೆ 3 ಮತ್ತು 5ನ್ನು, 8 ಬಂದರೆ ಎಲ್ಲವನ್ನೂ. ಮತ್ತೆ 5. ಇನ್ನು ಮೂರನೆಯದು ಮೊದಲನೆಯದರ ಎದುರು ಸೋಲಬೇಕು ಅಂತ ಮನಸ್ಸು ಹೇಳುತ್ತದೆ. ಲೆಕ್ಕ ಹಾಕಿ: 3 ಬಂದರೆ 2ನ್ನು, 5 ಬಂದರೆ 2 ಮತ್ತು 4ನ್ನು, 7 ಬಂದರೂ 2 ಮತ್ತು 4ನ್ನು. ಅದೂ 5! ಇಲ್ಲಿ 'ಎಲ್ಲಕ್ಕಿಂತ ಒಳ್ಳೆಯ ದಾಳ' ಅಂತ ಒಂದು ಇಲ್ಲವೇ ಇಲ್ಲ. ಎಷ್ಟು ಸಾವಿರ ಸಲ ಆಡಿದರೂ ಇಲ್ಲ. ಇನ್ನೊಂದು ಚಂದ ಏನೆಂದರೆ, ಈ ಮೂರು ಗುಂಪುಗಳು ಶಾಲೆಯಲ್ಲಿ ಬರೆಯುತ್ತಿದ್ದ ಮೂರು-ಮೂರರ ಮಾಯಾಚೌಕದ ಮೂರು ಸಾಲುಗಳು.

ಜೀವಿಗಳಲ್ಲೂ ಇದು ಇದೆ. ಕ್ಯಾಲಿಫೋರ್ನಿಯಾದ ಒಂದು ಜಾತಿಯ ಓತಿಕ್ಯಾತದಲ್ಲಿ ಗಂಡುಗಳು ಮೂರು ಬಗೆ, ಕುತ್ತಿಗೆಯ ಬಣ್ಣದಿಂದ ಗೊತ್ತಾಗುತ್ತದೆ. ಕಿತ್ತಳೆ ಕುತ್ತಿಗೆಯದು ಜಗಳಗಂಟ, ನೀಲಿಯ ಜಾಗ ಕಿತ್ತುಕೊಳ್ಳುತ್ತದೆ. ಹಳದಿಯದು ಹೆಣ್ಣಿನ ಹಾಗೆ ಕಾಣಿಸಿಕೊಂಡು ಕಿತ್ತಳೆಯ ದೊಡ್ಡ ಜಾಗದೊಳಗೆ ನುಸುಳಿ ಕೂಡುತ್ತದೆ. ನೀಲಿಯದು ತನ್ನ ಸಂಗಾತಿಯನ್ನು ಹತ್ತಿರದಿಂದಲೇ ಕಾಯುವುದರಿಂದ ಹಳದಿಯ ಆಟ ಅಲ್ಲಿ ನಡೆಯುವುದಿಲ್ಲ. ಸಿನರ್ವೊ ಮತ್ತು ಲೈವ್ಲಿ ಎಂಬ ವಿಜ್ಞಾನಿಗಳು 1996ರಲ್ಲಿ ಇದನ್ನು ಪ್ರಕಟಿಸಿದರು. ಯಾವ ಬಣ್ಣವೂ ಶಾಶ್ವತವಾಗಿ ಗೆಲ್ಲುವುದಿಲ್ಲ, ವರ್ಷಗಳು ಕಳೆದಂತೆ ಸರದಿ ತಿರುಗುತ್ತಲೇ ಇರುತ್ತದೆ.

ರಿಂಗ್‌ಗೆ ವಾಪಸ್ ಬರೋಣ. ಫ್ರೇಜಿಯರ್ ಬಗ್ಗಿ, ತಲೆ ಆಚೀಚೆ ತೂಗುತ್ತಾ ಒಳಗೆ ನುಗ್ಗುವವನು. ಅಲಿ ಏಟು ತಪ್ಪಿಸುವುದಕ್ಕೆ ತಲೆಯನ್ನು ನೇರ ಹಿಂದಕ್ಕೆ ಎಳೆಯುತ್ತಿದ್ದ, ಫ್ರೇಜಿಯರ್‌ನ ಲೆಫ್ಟ್ ಹುಕ್ (ಎಡಗೈ ಬಾಗಿಸಿ ಪಕ್ಕದಿಂದ ಹೊಡೆಯುವ ಏಟು) ಅಲ್ಲಿಗೂ ತಲುಪುತ್ತಿತ್ತು. ಆದರೆ ಹಾಗೆ ಬಗ್ಗಿ ನುಗ್ಗುವ ತಲೆ ಫೋರ್‌ಮನ್‌ನ ಅಪ್ಪರ್‌ಕಟ್‌ಗೆ (ಕೆಳಗಿನಿಂದ ಮೇಲಕ್ಕೆ ಬರುವ ಏಟಿಗೆ) ಹೇಳಿ ಮಾಡಿಸಿದ ಹಾಗಿತ್ತು. ಫೋರ್‌ಮನ್ ಎರಡೂ ಕೈಯಲ್ಲಿ ಅವನನ್ನು ದೂಡಿ, ತನಗೆ ಬೇಕಾದಷ್ಟು ದೂರ ಮಾಡಿಕೊಂಡು ಹೊಡೆದ. ಅಲಿಯ ಎದುರು ಫೋರ್‌ಮನ್‌ಗೆ ಅಂಥ ತಲೆ ಸಿಗಲಿಲ್ಲ. ಹಗ್ಗಕ್ಕೆ ಒರಗಿ ಹಿಂದೆ ವಾಲಿದವನಿಗೆ ಹೊಡೆದೂ ಹೊಡೆದೂ ಸುಸ್ತಾಗಿ ಹೋದ. ಒಬ್ಬನ ಗುಣವೇ ಇನ್ನೊಬ್ಬನ ಎದುರು ದೋಷ. ಇಂಥದ್ದನ್ನು ಒಂದು ಅಂಕಿಯಲ್ಲಿ ತೂಗುವುದು ಹೇಗೆ? ಚೆಸ್‌ನ ಇಲೋ ರೇಟಿಂಗ್ ಹಾಗೆ ತೂಗುತ್ತದೆ. ನೂರಾರು ಆಟ ಆಡುವವರಿಗೆ ಅದು ಸರಿಹೋಗುತ್ತದೆ. ಚಾಂಪಿಯನ್ ಬಾಕ್ಸರ್ ವರ್ಷಕ್ಕೆ ಎರಡೋ ಮೂರೋ ಸಲ ಆಡುತ್ತಾನೆ, ಅಷ್ಟೇ.

ಆಕಸ್ಮಿಕವೂ ಇದೆ, ಇಲ್ಲ ಅನ್ನುವುದಿಲ್ಲ. 1985ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಹೆವಿವೇಟ್ ಬಾಕ್ಸರ್ ಫ್ರಾಂಕ್ ಬ್ರೂನೊನ ಗುದ್ದು ಅಳೆದ ವರದಿ ಬಂತು. ಮುಷ್ಟಿಯ ವೇಗ ಸೆಕೆಂಡಿಗೆ 8.9 ಮೀಟರ್, ತಗುಲಿದಾಗ ಗರಿಷ್ಠ ಬಲ 4,096 ನ್ಯೂಟನ್, ಹೊರಟು ಮುಟ್ಟುವುದಕ್ಕೆ 0.1 ಸೆಕೆಂಡ್. ಅದು ಆರು ಕಿಲೋ ತೂಕದ, ಮೆತ್ತೆ ಸುತ್ತಿದ ಮರದ ಸುತ್ತಿಗೆಯನ್ನು ಗಂಟೆಗೆ 32 ಕಿಲೋಮೀಟರ್ ವೇಗದಲ್ಲಿ ಬೀಸಿದ್ದಕ್ಕೆ ಸಮ ಅಂತ ಆ ವರದಿಯವರೇ ಬರೆದರು. ಇಂಥ ಒಂದು ಏಟು ಸಾಕು. ಲೂಯಿಸ್ 1994ರಲ್ಲಿ ಮೆಕಾಲ್ ಕೈಯಲ್ಲಿ, 2001ರಲ್ಲಿ ರಹಮಾನ್ ಕೈಯಲ್ಲಿ ಹೀಗೇ ಬಿದ್ದ. ಇಬ್ಬರನ್ನೂ ಮರುಪಂದ್ಯದಲ್ಲಿ ಗೆದ್ದ. ಮರುಪಂದ್ಯವೇ ನಡೆಯದಿದ್ದರೆ ನಾವು ಇವತ್ತು ಏನು ವಾದ ಮಾಡುತ್ತಿದ್ದೆವು?

ನನಗೆ ಬೇಸರ ಆಗುವುದು ಕಂಪ್ಯೂಟರ್ ಹೇಳಿತು ಅಂದರೆ ಮುಗಿಯಿತು ಅನ್ನುವವರನ್ನು ಕಂಡಾಗ. ಜಾತಕ ನಂಬದವರೂ ಇದನ್ನು ನಂಬುತ್ತಾರೆ. ಇದು ಹೊಸದಲ್ಲ. 1967ರಲ್ಲಿ ಮರ್ರಿ ವೊರೋನರ್ ಎಂಬ ರೇಡಿಯೊ ನಿರ್ಮಾಪಕ ಎನ್‌ಸಿಆರ್ 315 ಕಂಪ್ಯೂಟರಿಗೆ ಹಳೆಯ ಚಾಂಪಿಯನ್ನರ ವಿವರ ತುಂಬಿಸಿ ಒಂದು ಟೂರ್ನಿಯನ್ನೇ ನಡೆಸಿದ. ಅದರಲ್ಲಿ ಅಲಿ ಜಿಮ್ ಜೆಫ್ರೀಸ್‌ಗೆ ಸೋತ. ಸಿಟ್ಟಾದ ಅಲಿ ಕೋರ್ಟಿಗೆ ಹೋದ, ಕೊನೆಗೆ ರಾಜಿಯಾಗಿ ಅದೇ ವೊರೋನರ್‌ಗಾಗಿ ರಾಕಿ ಮಾರ್ಸಿಯಾನೊ ಜೊತೆ ಕ್ಯಾಮೆರಾ ಮುಂದೆ ಆಡಿದ. 49 ಪಂದ್ಯ ಆಡಿ ಒಂದನ್ನೂ ಸೋಲದೆ ನಿವೃತ್ತನಾಗಿದ್ದ ಮಾರ್ಸಿಯಾನೊ 1969ರ ಆಗಸ್ಟ್ 31ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡ, ಚಿತ್ರ ತೆರೆಗೆ ಬಂದಿದ್ದು 1970ರ ಜನವರಿಯಲ್ಲಿ. ಅಮೆರಿಕದಲ್ಲಿ ಜನ ನೋಡಿದ್ದು ಮಾರ್ಸಿಯಾನೊ 13ನೇ ರೌಂಡಿನಲ್ಲಿ ಗೆದ್ದದ್ದನ್ನು. ಆದರೆ ಬೇರೆ ಬೇರೆ ಕೊನೆಗಳನ್ನೂ ಚಿತ್ರೀಕರಿಸಿ ಇಟ್ಟುಕೊಂಡಿದ್ದರು! ಕಂಪ್ಯೂಟರ್ ಅಲಿಯನ್ನು ನೋಡಿರಲಿಲ್ಲ. ಅವನು ಎಷ್ಟು ಚುರುಕು, ಎಷ್ಟು ಗಟ್ಟಿ ಅಂತ ಯಾರೋ ಕೊಟ್ಟ ಅಂಕಿಗಳನ್ನು ನೋಡಿತ್ತು.

ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ನಡೆಯದ ಪಂದ್ಯಗಳು ಸುಮ್ನೆ ಕೈತಪ್ಪಿ ಹೋದವಲ್ಲ, ಯಾರೋ ತಪ್ಪಿಸಿದವು. ಹ್ಯಾರಿ ವಿಲ್ಸ್ ವರ್ಷಗಟ್ಟಲೆ ಆಗಿನ ಚಾಂಪಿಯನ್ ಜ್ಯಾಕ್ ಡೆಂಪ್ಸಿಗಾಗಿ ಕಾದ, ಒಪ್ಪಂದಕ್ಕೆ ಸಹಿಯೂ ಬಿತ್ತು, ಪಂದ್ಯ ಮಾತ್ರ ಆಗಲಿಲ್ಲ, ಏಕೆಂದರೆ ವಿಲ್ಸ್ ಕಪ್ಪು ಮನುಷ್ಯ. ಮೊದಲ ಕಪ್ಪು ಚಾಂಪಿಯನ್ ಜ್ಯಾಕ್ ಜಾನ್ಸನ್ ಕೂಡ 1906ರಲ್ಲಿ ತಾನು ಸೋಲಿಸಿದ್ದ ಸ್ಯಾಮ್ ಲ್ಯಾಂಗ್‌ಫರ್ಡ್‌ಗೆ ಬೆಲ್ಟ್ ಸಿಕ್ಕ ಮೇಲೆ ಅವಕಾಶ ಕೊಡಲಿಲ್ಲ. 1915ರಲ್ಲಿ ಜಾನ್ಸನ್ ಸೋತ ಮೇಲೆ ಇನ್ನೊಬ್ಬ ಕಪ್ಪು ಬಾಕ್ಸರ್‌ಗೆ ಆ ಪಟ್ಟಕ್ಕಾಗಿ ಆಡಲು ಸಿಕ್ಕಿದ್ದು 1937ರಲ್ಲಿ, ಜೋ ಲೂಯಿಸ್‌ಗೆ. ಚಾಂಪಿಯನ್ ತನಗೆ ಕಷ್ಟವಾಗುವ ಎದುರಾಳಿಯನ್ನೇ ದೂರ ಇಟ್ಟರೆ ಅವನ ದಾಖಲೆ ಚೆನ್ನಾಗಿ ಕಾಣದೆ ಇನ್ನೇನು? ಅಂಥ ದಾಖಲೆಯಿಂದ ಲೆಕ್ಕ ಶುರು ಮಾಡಿದರೆ ಬರುವ ಉತ್ತರವೂ ಅವನ ಕಡೆಗೇ ವಾಲುತ್ತದೆ.

ಹಾಗಂತ ಈ ವಾದಗಳನ್ನು ಬಿಡಬೇಕು ಅಂತ ನನಗೆ ಅನಿಸುವುದಿಲ್ಲ. ಮೂರನೆಯವನನ್ನು ಬಿಟ್ಟು ಎದುರಿಗಿರುವ ಇಬ್ಬರ ಆಟ ನೋಡಬೇಕು, ಉತ್ತರವನ್ನು 'ಹತ್ತರಲ್ಲಿ ಎಷ್ಟು ಸಲ' ಅಂತ ಕೊಡಬೇಕು. ನನಗೆ ಇಷ್ಟವಾದ ನಡೆಯದ ಪಂದ್ಯ ಫ್ರೇಜಿಯರ್ ಮತ್ತು ಕೆನ್ ನಾರ್ಟನ್‌ನದು. ಇಬ್ಬರಿಗೂ ತರಬೇತುದಾರ ಎಡ್ಡಿ ಫಚ್‌ನ ಪಾಠ, ಜಿಮ್‌ನಲ್ಲಿ ಸ್ಪಾರಿಂಗ್ (ಅಭ್ಯಾಸದ ಆಟ) ಮಾಡಿದವರು, ನಿಜವಾದ ಪಂದ್ಯ ಆಡಲಿಲ್ಲ. ನಾರ್ಟನ್ ಬಲಗೈಯನ್ನು ಗಲ್ಲದ ಹತ್ತಿರ ಇಟ್ಟು ಅಲಿಯ ಜ್ಯಾಬ್ (ಮುಂಗೈಯ ನೇರ, ಚುರುಕು ಏಟು) ತಡೆದು, ಅದೇ ಕ್ಷಣದಲ್ಲಿ ತಾನೂ ಜ್ಯಾಬ್ ಮಾಡುತ್ತಿದ್ದ. ಆ ಕೈ ಫ್ರೇಜಿಯರ್‌ನ ಲೆಫ್ಟ್ ಹುಕ್‌ಗೂ ಅಡ್ಡ ಬರುತ್ತದೆ. ಆದರೆ ಫ್ರೇಜಿಯರ್ ಮೊದಲು ಹೊಡೆಯುವುದು ಪಕ್ಕೆಗೆ. ನಾರ್ಟನ್ ಮುಂದೆ ನಡೆಯುವಾಗ ಹುಲಿ, ಹಿಂದೆ ಸರಿಯುವಾಗ ಅಲ್ಲ. ಫೋರ್‌ಮನ್, ಶೇವರ್ಸ್, ಕೂನಿ ಮೂವರೂ ಅವನನ್ನು ಹಿಂದಕ್ಕೆ ತಳ್ಳಿ ಎರಡು ರೌಂಡಿನೊಳಗೇ ಮುಗಿಸಿದರು. 1971ರ ಫ್ರೇಜಿಯರ್ ಆದರೆ ಹತ್ತರಲ್ಲಿ ಏಳು ಸಲ ಅವನೇ. ಕಿಂಗ್‌ಸ್ಟನ್ ಆದ ಮೇಲಿನ ಫ್ರೇಜಿಯರ್ ಆದರೆ ಐದು.