ಕಣ್ಣಿಗೆ ಕಾಲಿಡ್ಲಿಕ್ಕೆ ಜಾಗ ಬೇಕು

ಕಳೆದ ತಿಂಗಳು ನಮ್ಮ ಫ್ಯಾಮಿಲಿ ಗ್ರೂಪಿಗೆ ಕಟಪಾಡಿಯ ಗೃಹಪ್ರವೇಶದ ಮೆಸೇಜ್ ಬಂತು. ಪೂಜೆ ಎಷ್ಟು ಗಂಟೆಗೆ, ಬಸ್ ಎಲ್ಲಿಂದ ಹೊರಡ್ತದೆ, ಕಾರು ಎಲ್ಲಿ ನಿಲ್ಲಿಸ್ಬೇಕು ಎಲ್ಲವೂ ಅದ್ರಲ್ಲಿತ್ತು, ಆದ್ರೆ ಮೇಲಿಂದ ಕೆಳಗಿನ ತನಕ ಒಂದೇ ಒಂದು ಖಾಲಿ ಸಾಲಿಲ್ಲ, ಫುಲ್‌ಸ್ಟಾಪ್ ಇಲ್ಲ, ಸಾಲದ್ದಕ್ಕೆ ಇಡೀ ಮೆಸೇಜ್ ಬೋಲ್ಡು. ಸುರತ್ಕಲ್ಲಿನ ಚಿಕ್ಕಮ್ಮ ಮೂರು ಸಲ ಫೋನ್ ಮಾಡಿ "ಬಸ್ ಎಷ್ಟೊತ್ತಿಗೆ ಮಾರಾಯ" ಅಂತ ಕೇಳಿದ್ರು. ಅದಕ್ಕೆ ಒಬ್ರು, ಈಗ ಯಾರಿಗೂ ಓದುವ ತಾಳ್ಮೆಯೇ ಇಲ್ಲ, ಮೊಬೈಲ್ ಬಂದು ಎಲ್ಲ ಹಾಳಾಯ್ತು ಅಂದ್ರು. ನಂಗೆ ಈ ಮಾತು ಕೇಳಿದ್ರೆ ಸಿಟ್ಟು ಬರ್ತದೆ. ಚಿಕ್ಕಮ್ಮ ದಿನಾ ಬೆಳಿಗ್ಗೆ ಪೇಪರನ್ನು ಶ್ರದ್ಧಾಂಜಲಿ ಪುಟವೂ ಬಿಡದೆ ಓದುವವರು. ಅವರ ತಾಳ್ಮೆಗೆ ಎಂತದೂ ಆಗಿಲ್ಲ, ಆ ಮೆಸೇಜಿನಲ್ಲಿ ಕಣ್ಣಿಗೆ ಕಾಲಿಡ್ಲಿಕ್ಕೆ ಜಾಗ ಇರ್ಲಿಲ್ಲ ಅಷ್ಟೇ.

ಓದುವಾಗ ಕಣ್ಣು ಸಾಲಿನ ಮೇಲೆ ನುಣ್ಣಗೆ ಜಾರಿಕೊಂಡು ಹೋಗ್ತದೆ ಅಂತ ಹೆಚ್ಚಿನವರು ಅಂದ್ಕೊಂಡಿದ್ದಾರೆ. ಇಲ್ಲ ಮಾರಾಯ್ರೆ, ಅದು ಕುಪ್ಪಳಿಸ್ತದೆ! ಒಂದು ಕಡೆ ಸುಮಾರು ಕಾಲು ಸೆಕೆಂಡ್ ನಿಲ್ತದೆ, ಟಕ್ ಅಂತ ಹಾರ್ತದೆ, ಪುನಃ ನಿಲ್ತದೆ. ಫ್ರಾನ್ಸಿನ ಕಣ್ಣಿನ ಡಾಕ್ಟರ್ ಎಮಿಲ್ ಜವಾಲ್ 1879ರ ಹೊತ್ತಿಗೇ ಇದನ್ನು ಬರೆದಿದ್ರು, ಈ ಹಾರಾಟಕ್ಕೆ ಇವತ್ತಿಗೂ ಸಕೇಡ್ ಅಂತ ಅದೇ ಫ್ರೆಂಚ್ ಹೆಸರು. ಮಂಗಳೂರಿಂದ ಉಡುಪಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸನ್ನು ನೆನಪು ಮಾಡಿ, ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು ಅಂತ ನಿಂತಲ್ಲಿ ಮಾತ್ರ ಜನ ಹತ್ತುವುದು, ಓಡುವ ಬಸ್ಸಿಗೆ ಯಾರೂ ಹತ್ತುವುದಿಲ್ಲ. ಅಕ್ಷರಗಳೂ ಹಾಗೇ, ಕಣ್ಣು ನಿಂತಾಗ ಮಾತ್ರ ತಲೆಗೆ ಹತ್ತುವುದು, ಹಾರುವ ಹೊತ್ತಲ್ಲಿ ಮೆದುಳು ದೃಶ್ಯವನ್ನು ಹೆಚ್ಚುಕಡಿಮೆ ಬಂದ್ ಮಾಡಿಬಿಡ್ತದೆ. ನಂಬಿಕೆ ಬರದಿದ್ರೆ ಕನ್ನಡಿ ಮುಂದೆ ನಿಂತು ನಿಮ್ಮ ಎಡಗಣ್ಣು ನೋಡಿ, ಮತ್ತೆ ಬಲಗಣ್ಣು ನೋಡಿ. ಕಣ್ಣು ತಿರುಗುವುದು ನಿಮಗೆ ಯಾವತ್ತೂ ಕಾಣುವುದಿಲ್ಲ, ಪಕ್ಕದಲ್ಲಿ ನಿಂತವರಿಗೆ ಚೆಂದ ಕಾಣ್ತದೆ.

ನಿಂತಾಗಲಾದ್ರೂ ಎಷ್ಟು ಕಾಣ್ತದೆ? ಕೈ ನೀಟಾಗಿ ಚಾಚಿ ಹೆಬ್ಬೆರಳು ಎತ್ತಿ ಹಿಡಿರಿ, ಆ ಉಗುರಿನಷ್ಟು ಅಗಲ ಮಾತ್ರ ಪೂರ್ತಿ ಸ್ಪಷ್ಟ. ಕಣ್ಣಿನ ಒಳಪರದೆಯಲ್ಲಿ ಫೋವಿಯಾ ಅನ್ನುವ ಸಣ್ಣ ಗುಳಿ ಉಂಟು, ಅದರ ಕೆಲಸ ಅದು. ಒಂದೇ ನೋಟದಲ್ಲಿ ಇಡೀ ಪುಟ ಓದಿಸ್ತೇವೆ ಅಂತ ಹೇಳಿ ಮಕ್ಕಳ ಅಪ್ಪ ಅಮ್ಮನ ಹತ್ರ ದುಡ್ಡು ತಗೊಳ್ಳುವವರಿದ್ದಾರಲ್ಲ, ಅವರ ಮಾತು ಬಿದ್ದು ಹೋಗುವುದು ಈ ಉಗುರಿನ ಮುಂದೆಯೇ.

ನಂಗೆ ಭಾರೀ ಇಷ್ಟದ ವಿಷಯ ಇನ್ನು ಬರುವುದು. ಮುಂದೆ ಎಲ್ಲಿಗೆ ಹಾರ್ಬೇಕು ಅಂತ ಕಣ್ಣಿಗೆ ಗೊತ್ತಾಗುವುದು ಹೇಗೆ? ಪಕ್ಕದ ಮಸುಕು ನೋಟದಿಂದ. ಮಸುಕಲ್ಲಿ ಅಕ್ಷರ ಸರಿ ಗುರುತು ಸಿಗುವುದಿಲ್ಲ, ಆದ್ರೆ ಖಾಲಿ ಜಾಗ ಗೊತ್ತಾಗ್ತದೆ, ಪದ ಎಲ್ಲಿ ಮುಗಿತು, ಮುಂದಿನದ್ದು ಎಷ್ಟು ಉದ್ದ ಅಂತ. ಮಳೆಗಾಲದಲ್ಲಿ ತೋಡು ದಾಟುವಾಗ ನಾವು ಒಂದು ಕಲ್ಲಲ್ಲಿ ಕಾಲಿಟ್ಟು ಮುಂದಿನ ಕಲ್ಲನ್ನು ಓರೆಗಣ್ಣಲ್ಲಿ ಅಂದಾಜು ಮಾಡುವುದಿಲ್ವಾ, ಹಾಗೆ. ಕಲ್ಲುಗಳ ನಡುವೆ ನೀರು ಕಂಡ್ರೇನೇ ಕಲ್ಲು ಯಾವುದು ಅಂತ ಗೊತ್ತಾಗುವುದು. ಸಾಲು ಮುಗಿದ ಮೇಲೆ ಇನ್ನೂ ದೊಡ್ಡ ಹಾರಾಟ, ಬಲದ ತುದಿಯಿಂದ ಎಡಕ್ಕೆ ವಾಪಸ್, ಅದೂ ಸರಿಯಾಗಿ ಕೆಳಗಿನ ಸಾಲಿಗೇ. ನೇಜಿ, ಅಂದ್ರೆ ಭತ್ತದ ಸಸಿ ನೆಟ್ಟ ಗದ್ದೆಯಲ್ಲಿ ಸಾಲು ಒತ್ತೊತ್ತಾಗಿದ್ರೆ ಕಾಲು ಪಕ್ಕದ ಸಾಲಿಗೆ ಬೀಳ್ತದೆ, ಇಲ್ಲೂ ಸಾಲು ಒತ್ತಾದ್ರೆ, ಅಥವಾ ಸಾಲು ತೀರಾ ಉದ್ದ ಆದ್ರೆ ಓದಿದ ಸಾಲನ್ನೇ ಪುನಃ ಓದ್ತೇವೆ. ಚಿಕ್ಕಮ್ಮ ಮಾಡಿದ್ದು ಅದನ್ನೇ.

ಈ ಖಾಲಿ ಜಾಗ ಹೆಚ್ಚಿನ ಕಡೆ ತಡವಾಗಿ ಬಂದದ್ದು. ಹಳೆಯ ಲ್ಯಾಟಿನ್ ಬರವಣಿಗೆ ಪದಗಳ ನಡುವೆ ಜಾಗ ಬಿಡದೆ ಸಾಗ್ತಿತ್ತು, ಏಳನೇ ಶತಮಾನದ ಹೊತ್ತಿಗೆ ಐರ್ಲೆಂಡಿನ ಸನ್ಯಾಸಿಗಳು ಪದ ಬಿಡಿಸಿ ಬರೆಯಲು ಶುರು ಮಾಡಿದ್ರು. ಅವರಿಗೆ ಲ್ಯಾಟಿನ್ ಮನೆಮಾತಲ್ಲ, ಕಲಿತ ಭಾಷೆ, ಹಾಗಾಗಿ ಕಷ್ಟ ಗೊತ್ತಿತ್ತು. ನಮ್ಮ ಉಡುಪಿಯ ಮಠಗಳ ತಾಳೆಗರಿ ನೋಡಿದ್ರೂ ಅಷ್ಟೇ, ತಿಗಳಾರಿ ಅನ್ನುವ ಹಳೆ ಲಿಪಿಯ ಅಕ್ಷರ ಈ ತುದಿಯಿಂದ ಆ ತುದಿಗೆ ಒಂದೇ ಸರಪಳಿ. ಗರಿ ಹದ ಮಾಡುವುದು, ಕಂಟ ಅನ್ನುವ ಚೂಪು ಕಡ್ಡಿಯಲ್ಲಿ ಕೊರೆಯುವುದು ಬೆವರಿನ ಕೆಲಸ, ಜಾಗ ವೇಸ್ಟ್ ಮಾಡ್ಲಿಕ್ಕಿಲ್ಲ, ಮೇಲಾಗಿ ಓದುವವರಿಗೆ ಪಾಠ ಬಾಯಲ್ಲೇ ಇರ್ತಿತ್ತು. ಆಮೇಲೆ ಮಂಗಳೂರಲ್ಲಿ ಬಾಸೆಲ್ ಮಿಷನ್ ಪ್ರೆಸ್ 1841ರಲ್ಲಿ ಶುರುವಾಯ್ತು, 1843ರ ಜುಲೈ 1ಕ್ಕೆ ಆ ಮಿಷನಿನ ಜರ್ಮನ್ ಪಾದ್ರಿ ಹರ್ಮನ್ ಮೊಗ್ಲಿಂಗ್ ಕಲ್ಲಚ್ಚಿನಲ್ಲಿ 'ಮಂಗಳೂರ ಸಮಾಚಾರ' ತಂದ್ರು, ಕನ್ನಡದ ಮೊದಲ ಪತ್ರಿಕೆ. ಬಾಯಿಪಾಠ ಇಲ್ಲದವರೂ ಮೊದಲ ಸಲ ಕಂಡ ಸುದ್ದಿಯನ್ನು ಓದಿ ಅರ್ಥ ಮಾಡ್ಕೊಳ್ಳುವ ಕಾಲ ಬಂತು.

ಕನ್ನಡಕ್ಕೆ ಖಾಲಿ ಜಾಗ ಇಂಗ್ಲಿಷಿಗಿಂತಲೂ ಜಾಸ್ತಿ ಬೇಕು ಅಂತ ನಾನು ಹಠ ಹಿಡಿದು ಹೇಳ್ತೇನೆ. "ಸ್ವಾತಂತ್ರ್ಯ" ಅಂತ ಟೈಪ್ ಮಾಡಿ, ಅದರ ಕೆಳಗಿನ ಸಾಲಲ್ಲಿ "ಕೀರ್ತಿ" ಬರಲಿ, ಸಾಲುಗಳ ನಡುವೆ ಜಾಗ ಕಮ್ಮಿಯಾದ್ರೆ ಮೇಲಿನ ಒತ್ತು ಇಳಿದು ಕೆಳಗಿನ ಗುಡಿಸಿಗೆ ತಾಗ್ತದೆ. ಬೋಲ್ಡ್ ಮಾಡಿದ್ರೆ ಇನ್ನೂ ಕಷ್ಟ, ದ ಮತ್ತು ಧ ನಡುವೆ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು, ಥ ಅಂದ್ರೆ ಹೊಟ್ಟೆಯೊಳಗೆ ಒಂದು ಚುಕ್ಕಿ, ಗೆರೆ ದಪ್ಪ ಆದ್ರೆ ಸಣ್ಣ ಸ್ಕ್ರೀನಲ್ಲಿ ಅದೆಲ್ಲ ಮುಚ್ಚಿ ಹೋಗ್ತದೆ. ಒಂದೋ ಎರಡೋ ಪದ ಬೋಲ್ಡ್ ಆದ್ರೆ ಕಣ್ಣಿಗೆ ಗುರುತು, ಇಡೀ ಮೆಸೇಜ್ ಆದ್ರೆ ಬರೀ ಮಸಿ. ನಮ್ಮ ಪದಗಳೂ ಉದ್ದುದ್ದ, "ಹೋಗಬೇಕಾಗಿರುವುದರಿಂದ" ಅಂತ ಒಂದೇ ಪದ ಫೋನಿನ ಅರ್ಧ ಸಾಲು ತಿಂತದೆ, ಹಾಗಾಗಿ ಎರಡೂ ಅಂಚು ಸಮ ಮಾಡುವ ಜಸ್ಟಿಫೈ ಒತ್ತಿದ್ರೆ ಉಳಿದ ಎರಡು ಪದಗಳ ನಡುವೆ ಹೊಂಡ ಬೀಳ್ತದೆ. ಎಡಕ್ಕೆ ಸಮ, ಬಲ ಹೇಗಿದ್ರೂ ಅಡ್ಡಿಲ್ಲ.

ಅವತ್ತು ರಾತ್ರಿ ಆ ಮೆಸೇಜನ್ನೇ ಕಾಪಿ ಮಾಡಿ ಬೋಲ್ಡ್ ತೆಗೆದೆ, ಪೂಜೆಯದ್ದು ಒಂದು ಕಡೆ, ಬಸ್ಸಿನದ್ದು ಒಂದು ಕಡೆ, ಕಾರಿನದ್ದು ಒಂದು ಕಡೆ ಮಾಡಿ ನಡುವೆ ಖಾಲಿ ಸಾಲು ಬಿಟ್ಟೆ, ಬಸ್ಸಿನ ಟೈಮ್ ಮಾತ್ರ ದಪ್ಪ. ಒಂದು ಪದವೂ ಕಮ್ಮಿ ಮಾಡ್ಲಿಲ್ಲ. ಚಿಕ್ಕಮ್ಮನಿಗೆ ಕಳಿಸಿ ಹತ್ತು ನಿಮಿಷ ಆಗಿರ್ಲಿಲ್ಲ, ಫೋನ್ ಬಂತು: "ಬಸ್ಸಿದ್ದು ಗೊತ್ತಾಯ್ತು, ಪೂಜೆದ್ದೂ ಗೊತ್ತಾಯ್ತು, ಊಟ ಎಷ್ಟೊತ್ತಿಗೆ ಅಂತ ಬರ್ದೇ ಇಲ್ಲ ಅಲ್ವಾ ಇದ್ರಲ್ಲಿ?" ನೋಡಿದ್ರೆ ಹೌದು, ಮೊದಲಿನ ಮೆಸೇಜಲ್ಲೂ ಇರ್ಲಿಲ್ಲ, ಗ್ರೂಪಿನ ನಲ್ವತ್ತು ಜನರಲ್ಲಿ ಯಾರಿಗೂ ಅದು ಗೊತ್ತಾಗಿರ್ಲಿಲ್ಲ.