ಮುಳುಗುವ ಹೆಸರು, ಮುಳುಗದ ಹೆಸರು: ‘ಸೀ ಆಫ್ ಥೀವ್ಸ್’ ಆಟದಲ್ಲಿ ಪ್ರತಿಷ್ಠೆಯ ಲೆಕ್ಕ ಬೆಳೆದು ಬಂದ ಬಗೆ

ಆನ್‌ಲೈನ್‌ನಲ್ಲಿ ಹಲವರು ಒಟ್ಟಿಗೆ ಆಡುವ ಕಡಲ್ಗಳ್ಳರ ವಿಡಿಯೋ ಆಟ ‘ಸೀ ಆಫ್ ಥೀವ್ಸ್’ಗೆ ಈಗ ಹೊಸದಾಗಿ ಇಳಿದವರು ತಮ್ಮ ರೆಪ್ಯುಟೇಷನ್, ಅಂದರೆ ಪ್ರತಿಷ್ಠೆಯ, ಪುಟ ತೆರೆದರೆ ತಲೆಬುಡ ತಿಳಿಯುವುದಿಲ್ಲ. ವ್ಯಾಪಾರ ಸಂಸ್ಥೆಗಳ ಲೆವೆಲ್‌ಗಳು ಒಂದು ಕಡೆ. ಸೀಸನ್ನಿನ ರಿನೌನ್ ಇನ್ನೊಂದು ಕಡೆ. ಅದರ ಪಕ್ಕದಲ್ಲಿ ಎಮಿಸರಿ ಬಾವುಟದ ಗ್ರೇಡ್, ತಿಂಗಳ ಲೆಡ್ಜರ್, ಹಡಗಿನ ಮೈಲಿಗಲ್ಲುಗಳು, ಗಿಲ್ಡಿನ ಮಟ್ಟ, ಮರಳುಗಡಿಯಾರದ ಕಾಳಗದಲ್ಲಿ ಗಳಿಸುವ ಅಲೀಜನ್ಸ್. ಒಂದೊಂದೂ ಒಂದೊಂದು ಅಂಕಿ, ಒಂದೊಂದಕ್ಕೂ ಬೇರೆ ನಿಯಮ. ಹಳಬರನ್ನು ಕೇಳಿದರೆ ಒಬ್ಬರು ಲೆವೆಲ್ ಮುಖ್ಯ ಎನ್ನುತ್ತಾರೆ, ಮತ್ತೊಬ್ಬರು ಶಾಪ (ಪಾತ್ರದ ರೂಪವನ್ನೇ ಬದಲಿಸುವ ಬಹುಮಾನ) ಗಳಿಸುವ ತನಕ ಯಾವುದಕ್ಕೂ ಬೆಲೆಯಿಲ್ಲ ಎನ್ನುತ್ತಾರೆ. ಇಬ್ಬರೂ ತಮ್ಮ ತಮ್ಮ ಕಾಲದ ಆಟವನ್ನು ನೆನೆದು ಮಾತಾಡುತ್ತಿರುತ್ತಾರೆ. ಈ ಗೋಜಲು ಒಂದೇ ದಿನ ಆದದ್ದಲ್ಲ.

ಕಡಲ್ಗಳ್ಳರ ಆಟಗಳಿಗೂ ಹೆಸರು ಗಳಿಸುವ ಆಸೆಗೂ ಹಳೆಯ ನಂಟು. 1987ರ ‘ಸಿಡ್ ಮೈಯರ್ಸ್ ಪೈರೇಟ್ಸ್!’ ನಿವೃತ್ತಿಯ ದಿನ ಆಟಗಾರನ ಇಡೀ ಬಾಳನ್ನು ತೂಗಿ ಸ್ಥಾನ ಕೊಡುತ್ತಿತ್ತು. 2008ರ ‘ಪೈರೇಟ್ಸ್ ಆಫ್ ದಿ ಬರ್ನಿಂಗ್ ಸೀ’ ಆ ಆಸೆಯನ್ನು ದೇಶ ದೇಶಗಳ ನಡುವಿನ ಪೈಪೋಟಿಗೆ ಕಟ್ಟಿತು. ಇವೆರಡರ ನಡುವೆ, 2003ರಲ್ಲಿ ಬಂದ ‘ಪಝಲ್ ಪೈರೇಟ್ಸ್’ ಬಗ್ಗೆ ಒಂದು ಮಾತು ಹೇಳಲೇಬೇಕು. ಹಡಗಿನ ನೀರು ಎತ್ತಿ ಹೊರಚೆಲ್ಲುವುದು, ಒಡೆದ ಹಲಗೆ ಮುಚ್ಚುವುದು, ಹಾಯಿ ಕಟ್ಟುವುದು, ಅಲ್ಲಿ ಎಲ್ಲವೂ ಒಗಟುಗಳೇ. ಪ್ರತಿ ಒಗಟಿಗೂ ಎರಡು ಅಳತೆಗಳಿದ್ದವು. ಮೊದಲನೆಯದು ಅನುಭವ, ಆಡಿದಷ್ಟೂ ಏರುವಂಥದು. ಎರಡನೆಯದು ಸ್ಥಾನಮಾನ. ಅದು ಉಳಿದ ಆಟಗಾರರಿಗೆ ಹೋಲಿಸಿ ನಿಮ್ಮ ಕೈಚಳಕ ಎಷ್ಟು ಎಂದು ಹೇಳುತ್ತಿತ್ತು, ಕೆಟ್ಟದಾಗಿ ಆಡಿದರೆ ಇಳಿಯುತ್ತಿತ್ತು. ಎಷ್ಟು ಕಾಲ ಆಡಿದಿರಿ ಎಂಬುದೂ ಎಷ್ಟು ಚೆನ್ನಾಗಿ ಆಡುತ್ತೀರಿ ಎಂಬುದೂ ಬೇರೆ ಬೇರೆ ಎಂದು ಆ ಪುಟ್ಟ ಆಟ ಅಷ್ಟು ಹಿಂದೆಯೇ ಒಪ್ಪಿಕೊಂಡಿತ್ತು. ಮುಂದೆ ಬಂದ ದೊಡ್ಡ ಆಟಗಳು ಈ ಎರಡನ್ನೂ ಮತ್ತೆ ಒಂದರಲ್ಲೊಂದು ಕಲಸಿಬಿಟ್ಟವು.

ರೇರ್ ಸಂಸ್ಥೆಯ ‘ಸೀ ಆಫ್ ಥೀವ್ಸ್’ 2018ರ ಮಾರ್ಚ್ 20ರಂದು ಬಿಡುಗಡೆಯಾದಾಗ ಅದರ ತಳಹದಿಯಲ್ಲಿ ಒಂದು ದಿಟ್ಟ ತೀರ್ಮಾನವಿತ್ತು. ಮೊದಲ ದಿನ ಬಂದವನ ಫಿರಂಗಿಗೂ ಸಾವಿರ ಗಂಟೆ ಆಡಿದವನ ಫಿರಂಗಿಗೂ ಗುಂಡಿನ ಬಲ ಒಂದೇ. ಕತ್ತಿಯ ಪೆಟ್ಟು ಒಂದೇ, ಹಡಗಿನ ವೇಗ ಒಂದೇ. ಗಳಿಸಿದ ಚಿನ್ನ ಬಟ್ಟೆಬರೆ, ಹಾಯಿಯ ಬಣ್ಣ, ಹಡಗಿನ ಮುಂಬದಿಯ ಬೊಂಬೆ ಇಂಥವನ್ನು ಕೊಳ್ಳಲು ಮಾತ್ರ. ಹೀಗಾಗಿ ಹೊಸಬರೂ ಹಳಬರೂ ಒಂದೇ ಕಡಲಿನಲ್ಲಿ ಸಮಸಮ ಎದುರಾಗಬಹುದಿತ್ತು. ಬೇರೆ ಆಟಗಳಲ್ಲಿ ಲೆವೆಲ್ ಎಂದರೆ ಬಲ. ಇಲ್ಲಿ ಲೆವೆಲ್ ಎಂದರೆ ಹೆಸರು, ಅಷ್ಟೇ. ನನ್ನ ಮಟ್ಟಿಗೆ ಈ ಆಟದ ಅತ್ಯಂತ ಒಳ್ಳೆಯ ಗುಣ ಅದು. ಆದರೆ ಅದರಿಂದಲೇ ರೆಪ್ಯುಟೇಷನ್ನಿನ ಮೇಲೆ ಅಳತೆಮೀರಿದ ಭಾರ ಬಿತ್ತು. ಬಲ ಬೆಳೆಯದ ಆಟದಲ್ಲಿ ಮುನ್ನಡೆಯ ಸುಖವನ್ನೆಲ್ಲ ಹೆಸರೊಂದೇ ಕೊಡಬೇಕಾಯಿತು.

ಆಗ ಇದ್ದದ್ದು ಮೂರು ವ್ಯಾಪಾರ ಸಂಸ್ಥೆಗಳು, ಆಟದೊಳಗೆ ಸರಕು ಕೊಂಡು ಚಿನ್ನವನ್ನೂ ಲೆವೆಲ್ಲನ್ನೂ ಕೊಡುವ ಬಣಗಳು. ಗೋಲ್ಡ್ ಹೋರ್ಡರ್ಸ್‌ನವರಿಗೆ ಹೂತಿಟ್ಟ ಪೆಟ್ಟಿಗೆ ಬೇಕು. ಆರ್ಡರ್ ಆಫ್ ಸೋಲ್ಸ್‌ನವರಿಗೆ ಅಸ್ಥಿಪಂಜರ ನಾಯಕರ ತಲೆಬುರುಡೆ ಬೇಕು. ಮರ್ಚೆಂಟ್ ಅಲಯನ್ಸ್‌ನವರಿಗೆ ಕೋಳಿ, ಹಂದಿ, ಹಾವು, ಸರಕು ಬೇಕು. ಮೂರರಲ್ಲೂ 50ನೇ ಲೆವೆಲ್ ಮುಟ್ಟಿದವರು ‘ಪೈರೇಟ್ ಲೆಜೆಂಡ್’. ಅವರಿಗೆ ಹೆಂಡದಂಗಡಿಯ ನೆಲದಡಿ ಒಂದು ಗುಪ್ತ ಅಡಗುದಾಣ ತೆರೆಯುತ್ತಿತ್ತು. ಅದರ ಬಾಗಿಲಿಗೆ ಬೀಗವಿಲ್ಲ, ಎದುರಿಗೆ ನಿಂತು ವಾದ್ಯದಲ್ಲಿ ನಾವಿಕರ ಒಂದು ನಿರ್ದಿಷ್ಟ ಹಾಡನ್ನು ನುಡಿಸಬೇಕು. ಮೊದಲ ತಿಂಗಳುಗಳಲ್ಲಿ ಯಾರಾದರೂ ಅಲ್ಲಿ ನಿಂತು ನುಡಿಸುವುದು ಕೇಳಿದರೆ ಅಪರಿಚಿತರೂ ಕೈಯ ಕೆಲಸ ಬಿಟ್ಟು ಓಡಿಬರುತ್ತಿದ್ದರು. ಅಂಥವರ ಮೈಮೇಲಿನ ಬಟ್ಟೆ ನೋಡಿದರೆ ಸಾಕು, ಇವರು ಎಷ್ಟು ಕಡಲು ಕಂಡಿದ್ದಾರೆ ಎಂದು ತಿಳಿಯುತ್ತಿತ್ತು.

ಆದರೆ 50ರ ತನಕದ ದಾರಿ ಸವೆಯುವುದು ಬಲು ಕಷ್ಟ. ಅದೇ ದ್ವೀಪ, ಅದೇ ಗುದ್ದಲಿ, ಅದೇ ಅಸ್ಥಿಪಂಜರ. ಕೆಲಸದಲ್ಲಿ ಹೊಸತನ ಸಾಲದು ಎಂಬ ದೂರು ಬಿಡುಗಡೆಯ ವಾರದಲ್ಲೇ ಎದ್ದಿತು. ಅದೇ ಹೊತ್ತಿನಲ್ಲಿ ಸತ್ತವರಿಂದ ಒಂದಿಷ್ಟು ಚಿನ್ನ ಕಳೆಯುವ ‘ಸಾವಿನ ಶುಲ್ಕ’ದ ಯೋಚನೆಯೊಂದು ಹೊರಬಂತು. ಆಟಗಾರರ ವಿರೋಧ ಜೋರಾದ ಮೇಲೆ ಅದನ್ನು ಕೈಬಿಡಲಾಯಿತು. ಈ ಸಣ್ಣ ಪ್ರಸಂಗವನ್ನು ಅನೇಕರು ಮರೆತಿದ್ದಾರೆ, ನಾನು ಮರೆಯಲಾರೆ. ಒಮ್ಮೆ ಗಳಿಸಿದ್ದು ಮತ್ತೆ ಕೈಬಿಟ್ಟು ಹೋಗಬಾರದು ಎಂಬ ಅಲಿಖಿತ ಒಪ್ಪಂದ ಆ ವಾರದಲ್ಲೇ ಗಟ್ಟಿಯಾಯಿತು. ಮಾರುವ ಮುನ್ನ ಪೆಟ್ಟಿಗೆ ಯಾರ ಪಾಲಾದರೂ ಆಗಬಹುದು. ಮಾರಿದ ಮೇಲೆ ಚಿನ್ನವೂ ಲೆವೆಲ್ಲೂ ಶಾಶ್ವತ.

ಶಾಶ್ವತವಾಗಿ ಏರುವ ಅಂಕಿ ಕಾಲಕ್ರಮದಲ್ಲಿ ಗಂಟೆಗಳ ಎಣಿಕೆಯಾಗುತ್ತದೆ. ಅದೇ ಆಯಿತು. ಮಾರಿದ ಪೆಟ್ಟಿಗೆಯ ಪೂರ್ಣ ಬೆಲೆ ತಂಡದ ಪ್ರತಿಯೊಬ್ಬರಿಗೂ ಸಿಗುತ್ತದೆ, ಹಂಚಿಕೆಯ ಜಗಳವಿಲ್ಲ. 2018ರ ಜುಲೈ ಕೊನೆಯಲ್ಲಿ ಮೈತ್ರಿಯ ವ್ಯವಸ್ಥೆ ಬಂದಾಗ, ಮೈತ್ರಿ ಮಾಡಿಕೊಂಡ ಬೇರೆ ಹಡಗಿನವರಿಗೂ ಅರ್ಧ ಬೆಲೆ ಸಿಗತೊಡಗಿತು. ಕಡಲಿನಲ್ಲಿ ಸ್ನೇಹ ಬೆಳೆಯಲಿ ಎಂಬುದು ಉದ್ದೇಶ. ಕೆಲವೇ ದಿನಗಳಲ್ಲಿ ಜನ ಮೊದಲೇ ಮಾತಾಡಿಕೊಂಡು ಒಂದೇ ಸರ್ವರಿನ ಎಲ್ಲ ಹಡಗುಗಳನ್ನೂ ತಮ್ಮವರಿಂದಲೇ ತುಂಬಿಸಿ, ಯಾರ ಹೆದರಿಕೆಯೂ ಇಲ್ಲದೆ ನಿಧಿ ಸಾಗಿಸಲು ಕಲಿತರು. ಕಳ್ಳರಿಲ್ಲದ ಕಳ್ಳರ ಕಡಲು. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಅಂಕಿ ಏರುವುದೇ ಗುರಿಯಾದ ಮೇಲೆ ಹತ್ತಿರದ ದಾರಿ ಹುಡುಕುವುದು ಸಹಜ. 2019ರ ಏಪ್ರಿಲ್‌ನಲ್ಲಿ ಮೀನುಗಾರಿಕೆಯ ಹಂಟರ್ಸ್ ಕಾಲ್ ಸೇರಿದಾಗ ‘ಮೂರೂ ಸಂಸ್ಥೆ’ ಎಂಬುದು ‘ಯಾವುದಾದರೂ ಮೂರು’ ಆಯಿತು, ಲೆಜೆಂಡ್ ಎಂಬ ಬಿರುದು ಇನ್ನಷ್ಟು ಹಗುರವಾಯಿತು.

ಈ ಕಥೆಯ ತಿರುವು 2020ರ ಏಪ್ರಿಲ್ 22. ಅಂದು ಬಂದ ‘ಶಿಪ್ಸ್ ಆಫ್ ಫಾರ್ಚ್ಯೂನ್’ ಅಪ್‌ಡೇಟ್ ಎಮಿಸರಿ, ಅಂದರೆ ಸಂಸ್ಥೆಯ ಪ್ರತಿನಿಧಿ, ಎಂಬ ಪದ್ಧತಿಯನ್ನು ತಂದಿತು. ಸಂಸ್ಥೆಯ ಮೇಜಿನ ಬಳಿ ತಂಡದವರು ಮತ ಹಾಕಿದರೆ ಹಡಗಿನ ಮೇಲೆ ಅದರ ಬಾವುಟ ಏರುತ್ತದೆ. ಆ ಸಂಸ್ಥೆಯ ಕೆಲಸ ಮಾಡಿದಂತೆಲ್ಲ ಬಾವುಟದ ಗ್ರೇಡ್ 1ರಿಂದ 5ರವರೆಗೆ ಹೋಗುತ್ತದೆ. ಐದನೇ ಗ್ರೇಡ್‌ನಲ್ಲಿ ಮಾರಿದ ಸರಕಿಗೆ ಎರಡೂವರೆ ಪಟ್ಟು ಬೆಲೆ. ಹಡಗು ಮುಳುಗಿದರೆ ಗ್ರೇಡ್ ಪೂರ್ತಿ ಹೋಗುತ್ತದೆ, ಬಾವುಟ ಮುರಿದು ನೀರಿನ ಮೇಲೆ ತೇಲುತ್ತದೆ. ಅದನ್ನು ಎತ್ತಿಕೊಂಡವರು ರೀಪರ್ಸ್ ಬೋನ್ಸ್ ಎಂಬ ಹೊಸ ಬಣಕ್ಕೆ ಮಾರಬಹುದು. ರೀಪರ್‌ಗಳ ಪಾಡೂ ಸುಲಭದ್ದಲ್ಲ, ಅವರ ಹಡಗು ಎಲ್ಲರ ನಕ್ಷೆಯ ಮೇಲೂ ಸದಾ ಕಾಣುತ್ತದೆ. ಐದನೇ ಗ್ರೇಡ್ ಮುಟ್ಟಿದ ರೀಪರ್‌ಗೆ ಉಳಿದ ಎಲ್ಲ ಎಮಿಸರಿ ಹಡಗುಗಳೂ ಕಾಣುತ್ತವೆ.

ಕಾಗದದ ಮೇಲೆ ಇದು ಬೆಲೆ ಹೆಚ್ಚಿಸುವ ಒಂದು ಲೆಕ್ಕ. ಕಡಲಿನಲ್ಲಿ ಅದು ಬೇರೆಯೇ ಆಗಿತ್ತು. ಗೋಲ್ಡ್ ಹೋರ್ಡರ್ಸ್ ಬಾವುಟ ಹಾರಿಸಿಕೊಂಡು ಸ್ಲೂಪ್ ಎಂಬ ಪುಟ್ಟ ಹಡಗಿನಲ್ಲಿ ನಾವಿಬ್ಬರು ಹೊರಟ ಒಂದು ಸಂಜೆ ಈಗಲೂ ಕಣ್ಣ ಮುಂದಿದೆ. ಐದನೇ ಗ್ರೇಡ್ ಆಗಿ ಅರ್ಧ ಗಂಟೆ ಕಳೆದಿತ್ತು. ಕೆಳಗಿನ ಅಟ್ಟದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಪೆಟ್ಟಿಗೆ. ನಕ್ಷೆಯ ಅಂಚಿನಲ್ಲಿ ರೀಪರ್ ಹಡಗಿನ ಗುರುತು ಅಷ್ಟು ಹೊತ್ತು ಒಂದೇ ಕಡೆ ನಿಂತಿದ್ದದ್ದು ಮೆಲ್ಲನೆ ಸರಿಯತೊಡಗಿತು. “ಈಗಲೇ ಮಾರಿಬಿಡೋಣ” ಎಂದೆ. “ಅವರು ಅತ್ತ ಹೊರಟಿದ್ದಾರೆ, ಇನ್ನೊಂದು ದ್ವೀಪ ಮುಗಿಸಿಯೇ ಹೋಗೋಣ” ಎಂದ ಗೆಳೆಯ. ನಾನು ಒಪ್ಪಿದೆ. ಗುದ್ದಲಿ ಪೆಟ್ಟಿಗೆಗೆ ತಾಗಿದ ಸದ್ದೂ ಮೊದಲ ಫಿರಂಗಿಯ ಸದ್ದೂ ಹೆಚ್ಚುಕಡಿಮೆ ಒಟ್ಟಿಗೆ ಕೇಳಿದವು. ಅವರ ಬಾವುಟವೂ ಐದನೇ ಗ್ರೇಡ್‌ನದೇ. ಹತ್ತು ನಿಮಿಷದಲ್ಲಿ ನಮ್ಮ ಸಂಜೆಯ ದುಡಿಮೆಯೆಲ್ಲ ನೀರಿನಲ್ಲಿ ಮಾಡಿದ ಹೋಮ. ಮುರಿದ ಬಾವುಟವನ್ನು ಅವರಲ್ಲೊಬ್ಬ ಈಜಿ ಬಂದು ಎತ್ತಿಕೊಂಡು ಹೋಗುವುದನ್ನು ನೋಡುತ್ತ ನಿಂತೆವು.

ಅಂದು ನಮ್ಮ ಲೆವೆಲ್ ಒಂದಿಷ್ಟೂ ಇಳಿಯಲಿಲ್ಲ. ಹಿಂದೆ ಗಳಿಸಿದ್ದೆಲ್ಲ ಭದ್ರವಾಗಿತ್ತು. ಆದರೂ ಕಳೆದುಕೊಂಡ ನೋವು ನಿಜವಾಗಿತ್ತು, ಗೆದ್ದವರ ಸಂಭ್ರಮವೂ ನಿಜವಾಗಿತ್ತು. ಏಕೆಂದರೆ ಆ ಬಾವುಟ ಆ ಹೊತ್ತಿನ ನಮ್ಮ ಹೆಸರು. ನಾವೇ ಮತ ಹಾಕಿ ಏರಿಸಿ, ಎಲ್ಲರಿಗೂ ಕಾಣುವಂತೆ ಹಾರಿಸಿ, ಪಣಕ್ಕಿಟ್ಟ ಹೆಸರು. ಬೇಡ ಎನ್ನುವವರು ಬಾವುಟವಿಲ್ಲದೆ ಹೋಗಬಹುದಿತ್ತು, ಅವರಿಗೆ ಅದರಿಂದ ಯಾವ ಶಿಕ್ಷೆಯೂ ಇರಲಿಲ್ಲ. ಸಾವಿನ ಶುಲ್ಕ ಒತ್ತಾಯದಿಂದ ಮಾಡಲು ಹೊರಟದ್ದನ್ನು ಎಮಿಸರಿ ಪದ್ಧತಿ ಆಟಗಾರರ ಒಪ್ಪಿಗೆಯಿಂದ ಮಾಡಿತು. ಲೆವೆಲ್ ಹಿಂದಿನ ದುಡಿಮೆಯನ್ನು ಹೇಳುತ್ತಿತ್ತು, ಬಾವುಟ ಇವತ್ತಿನ ಧೈರ್ಯವನ್ನು. ದೂರದರ್ಶಕ ಹಿಡಿದು ಎದುರಿನ ಹಡಗಿನ ಬಾವುಟದ ಗ್ರೇಡ್ ನೋಡಿ ಓಡಬೇಕೋ ಹೊಡೆಯಬೇಕೋ ಎಂದು ತೀರ್ಮಾನಿಸುತ್ತಿದ್ದ ಆ ದಿನಗಳಲ್ಲಿ ರೆಪ್ಯುಟೇಷನ್ ಎಂಬ ಮಾತಿಗೆ ಅದರ ಮೂಲ ಅರ್ಥ ಮರಳಿ ಬಂದಿತ್ತು: ಬೇರೆಯವರು ನಮ್ಮನ್ನು ಕಂಡು ಏನೆಂದುಕೊಳ್ಳುತ್ತಾರೆ ಎಂಬುದು.

ಜೊತೆಗೇ ಬಂದ ಲೆಡ್ಜರ್ ಮಾತ್ರ ಹಳೆಯ ಚಾಳಿಯದೇ. ತಿಂಗಳಿಡೀ ಬಾವುಟದಡಿ ಗಳಿಸಿದ್ದನ್ನು ಕೂಡಿಸಿ ಆಟಗಾರರನ್ನು ನಾಲ್ಕು ಸಾಲುಗಳಲ್ಲಿ ನಿಲ್ಲಿಸುತ್ತಿದ್ದುದರಿಂದ, ಪುರುಸೊತ್ತು ಇದ್ದವರೇ ಮೇಲಿನ ಸಾಲಿನಲ್ಲಿ ಇರುತ್ತಿದ್ದರು.

2021ರ ಜನವರಿ 28ರಂದು ಸೀಸನ್ನುಗಳು ಶುರುವಾದವು. ನೂರು ಹಂತದ ರಿನೌನ್, ಏನು ಮಾಡಿದರೂ ಒಂದಿಷ್ಟು ಏರಿಕೆ, ಸೀಸನ್ ಮುಗಿದೊಡನೆ ಮತ್ತೆ ಸೊನ್ನೆಯಿಂದ ಆರಂಭ. ಸಮಯ ಕಡಿಮೆ ಇರುವವರಿಗೂ ಏನಾದರೂ ದಕ್ಕಲಿ ಎಂಬ ಕಾಳಜಿ ಅದರಲ್ಲಿತ್ತು, ಅದು ಸುಳ್ಳಲ್ಲ. ಆದರೆ ಹೆಸರಿಗೂ ಹಾಜರಿಪಟ್ಟಿಗೂ ಇರುವ ಗಡಿ ಅಲ್ಲಿಂದ ಇನ್ನಷ್ಟು ಮಸುಕಾಯಿತು.

ಅದಾದ ಮೇಲೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಕಾಳಗವೇ ಬೇಕು ಎನ್ನುವವರಿಗೆಂದು 2019ರಲ್ಲಿ ತೆರೆದಿದ್ದ ಅರೀನಾ, ಆಡುವ ಒಟ್ಟು ಸಮಯದಲ್ಲಿ ಸುಮಾರು 2%ರಷ್ಟೇ ಪಾಲು ಪಡೆಯುತ್ತಿದೆ ಎಂಬ ಕಾರಣಕ್ಕೆ 2022ರ ಮಾರ್ಚ್‌ನಲ್ಲಿ ಮುಚ್ಚಿತು. ಅದೇ ವರ್ಷದ ನವೆಂಬರ್‌ನಲ್ಲಿ ಮರಳುಗಡಿಯಾರ ಬಂತು. ಅದನ್ನು ತಿರುಗಿಸಿ ಒಂದು ಬಣ ಆರಿಸಿಕೊಂಡರೆ ಎದುರಾಳಿ ಹಡಗು ಹುಡುಕಿಕೊಂಡು ಬರುತ್ತದೆ. ಗೆಲುವಿನ ಸರಪಳಿ ಬೆಳೆದಷ್ಟೂ ಪಣ ದೊಡ್ಡದು. ಅಲೀಜನ್ಸ್, ಅಂದರೆ ಬಣದ ಕಡೆಗಿನ ನಿಷ್ಠೆ, ನೂರನೇ ಹಂತ ಮುಟ್ಟಿದರೆ ಅಸ್ಥಿಪಂಜರದ ಇಲ್ಲವೇ ಪ್ರೇತದ ರೂಪ ತಾಳುವ ಶಾಪ. ಇಲ್ಲಿ ಕೈಚಳಕಕ್ಕೆ ಬೆಲೆಯಿತ್ತು. ಆದರೆ ಸೋತವರಿಗೂ ಕೊಂಚ ಏರಿಕೆ ಸಿಗುತ್ತಿದ್ದುದರಿಂದ, ಹೋರಾಡದೆ ತಾವಾಗಿಯೇ ಹಡಗು ಮುಳುಗಿಸಿಕೊಂಡು ಅಂಕಿ ಏರಿಸುವವರೂ ಹುಟ್ಟಿಕೊಂಡರು. ಶಾಪ ಹೊತ್ತವನನ್ನು ಕಂಡರೆ ನುರಿತವನೋ ತಾಳ್ಮೆಯವನೋ ಎಂದು ಹೇಳಲು ಆಗದಂತಾಯಿತು.

2022ರ ಆಗಸ್ಟ್‌ನ ಏಳನೇ ಸೀಸನ್ನಿನಲ್ಲಿ ಸ್ವಂತ ಹಡಗು ಕೊಂಡು, ಹೆಸರಿಟ್ಟು, ಅದರ ಮೈಲಿಗಲ್ಲುಗಳನ್ನು ದಾಖಲಿಸುವ ಅವಕಾಶ ಬಂದಿತ್ತು. ಮೈಲಿಗಲ್ಲುಗಳು ಬರೀ ಎಣಿಕೆ. ಅದರೊಂದಿಗೆ ಬಂದ ಲಾಗ್‌ಬುಕ್ ಮಾತ್ರ ನನಗೆ ಬಹಳ ಇಷ್ಟ. ಆ ದಿನದ ಪಯಣದಲ್ಲಿ ಹಡಗು ಮಾಡಿದ ಸಾಹಸಗಳು ಅದರಲ್ಲಿ ಬರೆಯಲ್ಪಡುತ್ತವೆ, ಬರೆದಷ್ಟೂ ಅದರ ಬೆಲೆ ಏರುತ್ತದೆ. ಹಡಗು ಮುಳುಗಿದರೆ ಆ ಪುಸ್ತಕವನ್ನು ಶತ್ರು ಎತ್ತಿಕೊಂಡು ಹೋಗಿ ಮಾರಬಹುದು. ಬಾವುಟದ ವಿವೇಕವೇ ಇನ್ನೊಂದು ರೂಪದಲ್ಲಿ ಬಂದಿತ್ತು. ಅದನ್ನು ಹಿಡಿದು ಮುಂದೆ ಬೆಳೆಸುವ ಬದಲು ಹೊಸ ಹೊಸ ಅಂಕಿಗಳು ಸೇರುತ್ತ ಹೋದವು. 2023ರ ಅಕ್ಟೋಬರ್‌ನಲ್ಲಿ 24 ಜನರವರೆಗಿನ ಗಿಲ್ಡುಗಳು, ಅಂದರೆ ಆಟಗಾರರ ಸಂಘಗಳು, ಬಂದವು, ಅವಕ್ಕೂ ತಮ್ಮದೇ ಮಟ್ಟಗಳು.

ಅದೇ ವರ್ಷದ ಡಿಸೆಂಬರ್‌ನಲ್ಲಿ ಸೇಫರ್ ಸೀಸ್ ತೆರೆಯಿತು. ಬೇರೆ ಆಟಗಾರರ ಕಾಟವಿಲ್ಲದ ಕಡಲು ಬೇಕು ಎಂಬ ಐದು ವರ್ಷಗಳ ಬೇಡಿಕೆಗೆ ಸಿಕ್ಕ ಉತ್ತರ ಅದು. ಅಲ್ಲಿ ಆರಂಭದಲ್ಲಿ ಚಿನ್ನವೂ ರೆಪ್ಯುಟೇಷನ್ನೂ ಶೇಕಡಾ 30 ಮಾತ್ರ, ವ್ಯಾಪಾರ ಸಂಸ್ಥೆಗಳ ಲೆವೆಲ್ 40ಕ್ಕೆ ಮಿತಿ, ಎಮಿಸರಿ ಬಾವುಟವಂತೂ ಇಲ್ಲವೇ ಇಲ್ಲ. ಕೆಲವರು ಇದನ್ನು ಅವಮಾನವೆಂದರು, ಕೆಲವರು ಅಷ್ಟಾದರೂ ಏಕೆ ಕೊಡಬೇಕು ಎಂದರು. ಆ ಮಿತಿಗಳಲ್ಲಿ ಒಂದು ಒಪ್ಪಿಗೆಯಿತ್ತು ಎಂದು ನನಗೆ ಅನ್ನಿಸುತ್ತದೆ: ಕಳೆದುಕೊಳ್ಳುವ ಭಯವಿಲ್ಲದಲ್ಲಿ ಗಳಿಸಿದ ಹೆಸರಿಗೆ ತೂಕ ಕಡಿಮೆ ಎಂಬ ಒಪ್ಪಿಗೆ. ಬಲವನ್ನೂ ಲೆವೆಲ್ಲನ್ನೂ ಒಂದೇ ದಾರಕ್ಕೆ ಕಟ್ಟಿದ ಇನ್ನೊಂದು ಕಡಲ್ಗಳ್ಳರ ಆಟ ‘ಸ್ಕಲ್ ಅಂಡ್ ಬೋನ್ಸ್’ 2024ರ ಫೆಬ್ರವರಿಯಲ್ಲಿ ಬಂದಾಗ, ಸಮಾನತೆಯ ಆ ಹಳೆಯ ತೀರ್ಮಾನ ಎಷ್ಟು ಅಪರೂಪದ್ದು ಎಂಬುದೂ ಅರಿವಿಗೆ ಬಂತು.

ಇಷ್ಟು ಲೆಕ್ಕಗಳ ನಡುವೆ ಈ ಆಟ ಇಂದಿಗೂ ಬರೆದಿಡದ ಒಂದು ಸಂಗತಿ ಇದೆ. ಮೈತ್ರಿಯ ಬಾವುಟ ಏರಿಸಿ, ಎರಡು ಗಂಟೆ ಜೊತೆಯಲ್ಲಿ ದುಡಿದು, ಮಾರುವ ಕಟ್ಟೆಗೆ ಇನ್ನೇನು ಬಂತು ಎನ್ನುವಾಗ ಗೆಳೆಯರ ಹಡಗಿಗೆ ಮದ್ದಿನ ಪೀಪಾಯಿ ಇಟ್ಟು ನಿಧಿಯನ್ನೆಲ್ಲ ದೋಚಿದವರು ಇದ್ದಾರೆ. ಮುಳುಗುತ್ತಿದ್ದ ಅಪರಿಚಿತರ ಹಡಗಿಗೆ ತಮ್ಮ ಹಲಗೆ ತಂದು ಹೊಡೆದು, ಏನನ್ನೂ ಕೇಳದೆ ಹೋದವರೂ ಇದ್ದಾರೆ. ಮಾರನೆಯ ದಿನ ಬೇರೆ ಸರ್ವರಿನಲ್ಲಿ ಇಬ್ಬರೂ ಎದುರಾದಾಗ, ಇವರಲ್ಲಿ ಯಾರು ಯಾರು ಎಂದು ಹೇಳುವ ಒಂದು ಅಂಕಿಯೂ ಆ ಉದ್ದನೆಯ ಪುಟದಲ್ಲಿ ಇರುವುದಿಲ್ಲ.